ಏಳನೇ ಜಾಗ

ಜೈಲಿನ ಬಾಗಿಲುಗಳ ಪ್ರೋಗ್ರಾಂ ಬರೆದವಳು ನಾನು. ಒಬ್ಬೊಬ್ಬ ಕೈದಿಗೂ ಒಂದೊಂದು ಆಬ್ಜೆಕ್ಟ್, ಡಬ್ಬಿಯಂಥದ್ದು. ಅದರೊಳಗೆ ಅವನ ಹೆಸರು, ಕೋಣೆ, ಬೀಗ. ಹನ್ನೆರಡನ್ನೂ ಒಂದು ಲಿಸ್ಟಿನಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಸ್ನಾನದ ಹೊತ್ತಿಗೆ ಒಂದು ಗುಂಡಿ ಒತ್ತಿದರೆ ಸಾಲಿನುದ್ದಕ್ಕೂ ಎಲ್ಲ ಬಾಗಿಲು ತೆರೆದುಕೊಳ್ಳುತ್ತವೆ, ಏಳನೆಯದೊಂದನ್ನು ಬಿಟ್ಟು.

ಏಳನೆಯವನಿಗೆ ಜೈಲಿನಲ್ಲಿ ಎಲ್ಲರೂ ಇಟ್ಟ ಹೆಸರು ಕೊಡಲಿ. ಇಬ್ಬರನ್ನು ಕೊಚ್ಚಿ ಒಳಗೆ ಬಂದವನು, ಬಂದ ಮೇಲೆ ಒಬ್ಬ ವಾರ್ಡರನ ಕಿವಿ ಕಚ್ಚಿ ಕಿತ್ತಿದ್ದ. ಮುಂದಿನ ಸರದಿ ನನ್ನ ತಮ್ಮನದು ಎಂದು ಎಲ್ಲರೆದುರೇ ಸಾರಿದ್ದ. ತಮ್ಮ ಆ ಸಾಲಿನ ವಾರ್ಡರ್.

"ಅಕ್ಕಾ, ನನ್ ಜೀವ ನಿನ್ ಲಿಸ್ಟಲ್ಲಿದೆ, ಜೋಪಾನ," ಎಂದು ನಗುತ್ತಿದ್ದ.

'ಇವನನ್ನು ಬಿಡಬೇಡ' ಎಂದು ಕೊಡಲಿಯ ಆಬ್ಜೆಕ್ಟಿನೊಳಗೇ ಬರೆದಿದ್ದರೆ ಅವನು ಸಾಲಿನಲ್ಲಿ ಎಲ್ಲಿದ್ದರೂ ಆ ಮಾತು ಅವನ ಜೊತೆಗಿರುತ್ತಿತ್ತು. ನಾನೊಬ್ಬಳು ಸೋಮಾರಿ ಮುಂಡೇದು, 'ಏಳನೇ ಜಾಗ ತೆರೆಯಬೇಡ' ಎಂದು ಗೀಚಿ ಊಟಕ್ಕೆ ಎದ್ದಿದ್ದೆ.

ಅವತ್ತು ಬೆಳಿಗ್ಗೆ ಮೂರನೆಯವನಾದ ಮುದುಕನಿಗೆ ಬಿಡುಗಡೆಯಾಯಿತು. ಅವನ ಆಬ್ಜೆಕ್ಟನ್ನು ಲಿಸ್ಟಿನಿಂದ ನಾನೇ ತೆಗೆದೆ. ಸಾಲಿನಿಂದ ಒಬ್ಬ ಹೋದರೆ ಹಿಂದಿನವರು ಒಂದು ಹೆಜ್ಜೆ ಮುಂದೆ ಬರುತ್ತಾರೆ, ಇದು ಅಂಗಡಿ ಮುಂದೆ ನಿಂತ ಮಗುವಿಗೂ ಗೊತ್ತು. ಕೋಣೆ ಬದಲಾಗದೆಯೇ ಲಿಸ್ಟಿನಲ್ಲಿ ಕೊಡಲಿ ಆರಕ್ಕೆ ಬಂದ. ಏಳಕ್ಕೆ ಒಬ್ಬ ಬಡಪಾಯಿ ದರ್ಜಿ ಬಂದ.

ಹತ್ತು ಗಂಟೆಗೆ ಗುಂಡಿ ಒತ್ತಿದೆ. ಕ್ಯಾಮೆರಾ ಪರದೆಯ ಮೇಲೆ ದರ್ಜಿ ಮುಚ್ಚಿದ ಬಾಗಿಲನ್ನು ಬಡಿಯುತ್ತಿದ್ದ. ಕೊಡಲಿ ಹೊರಗಿದ್ದ. ಸೋಪಿನ ಬಕೆಟ್ ಹಿಡಿದಿದ್ದ ತಮ್ಮ ತಿರುಗುವಷ್ಟರಲ್ಲಿ ಕೊಡಲಿ ಅವನ ಕೂದಲು ಹಿಡಿದು ಮುಖವನ್ನು ಗೋಡೆಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಮೂಗು ಒಡೆದು ರಕ್ತ ಸುರಿಯಿತು. ಉಳಿದ ವಾರ್ಡರರು ಇನ್ನೂ ದೊಡ್ಡ ಗೇಟಿನಾಚೆ ಓಡಿ ಬರುತ್ತಿದ್ದರು.

ತಮ್ಮ ಹೇಗೋ ಹೊರಳಿ ಅವನ ಹೊಟ್ಟೆಗೆ ಒದ್ದ. ಕೊಡಲಿ ತನ್ನ ಕೋಣೆಯೊಳಗೇ ಮಗುಚಿ ಬಿದ್ದ. ತಮ್ಮ ಹೊಸ್ತಿಲ ಹೊರಗೆ ಕುಸಿದ; ಏಳಲೆಂದು ಬಾಗಿಲಿನ ಚೌಕಟ್ಟು ಹಿಡಿದ.

'ಏಳನೇ ಜಾಗ, ಮುಚ್ಚು' ಎಂದು ಒತ್ತಿದೆ. ಏನೂ ಆಗಲಿಲ್ಲ. ಆಗ ಹೊಳೆಯಿತು: ಏಳು ಈಗ ದರ್ಜಿಯ ಬಾಗಿಲು, ಅದು ಮುಚ್ಚಿಯೇ ಇದೆ; ಕೊಡಲಿಯದು ಆರು. ಬೆರಳು ಆರರ ಮೇಲೆ ಹೋಗಿ ನಿಂತಿತು.

"ಮುಚ್ಚಮ್ಮಾ!" ಪಕ್ಕದಲ್ಲಿದ್ದ ಹೆಡ್ ವಾರ್ಡರ್ ಅರಚಿದರು.

"ಅವನ ಕೈ ಇದೆ ಸಾರ್ ಅಲ್ಲಿ!"

"ಕೈ ಹೋದ್ರೆ ಹೋಗ್ಲಿ, ಜೀವ ಉಳೀಲಿ!"

ಕೊಡಲಿ ಎದ್ದು ನಿಂತಿದ್ದ. ಒತ್ತಿದೆ. ಕಬ್ಬಿಣದ ಬಾಗಿಲು ಜಾರಿ ಬಂದು ಕಚ್ಚಿತು. ಪರದೆಯಲ್ಲಿ ಸದ್ದು ಬರುವುದಿಲ್ಲ, ತಮ್ಮನ ಬಾಯಿ ಮಾತ್ರ ತೆರೆದಿತ್ತು.

ಆಸ್ಪತ್ರೆಯಲ್ಲಿ ಅವನಿಗೆ ಸಂಜೆ ಎಚ್ಚರವಾಯಿತು. ಬಲಗೈಯ ನಾಲ್ಕು ಬೆರಳು ಉಳಿದಿರಲಿಲ್ಲ.

"ಬಾಗ್ಲು ಹಾಕಿದ್ದು ಯಾರಕ್ಕಾ?"

"ನಾನೇ ಕಣೋ."

ಎಡಗೈಯಿಂದ ನನ್ನ ಕೈ ಹಿಡಿದುಕೊಂಡ. "ಬದುಕಿಸ್ದೆ ಬಿಡು. ಬಾಗ್ಲು ತೆಗ್ದ ನನ್ಮಗ ಯಾರು ಅಂತ ಗೊತ್ತಾಗ್ಲಿ, ಸಿಗಿದ್ ಹಾಕ್ತೀನಿ."

ನಾನು ಕೈ ಬಿಡಿಸಿಕೊಂಡೆ.

"ಅದೂ ನಾನೇ."