ಕೆಮಿಸ್ಟ್ರಿ ಮೇಡಂಗೆ ಬಂದ ಆಯ

ಈ ವರ್ಷವೂ ಡಿಗ್ರಿ ಶುಲ್ಕ ಏರಿಸುವುದಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿದ ದಿನ ಆನವಟ್ಟಿ ಕಡೆಯ ಆ ಸರ್ಕಾರಿ ಕಾಲೇಜಿನ ಮಕ್ಕಳು ಪೇಡೆ ಹಂಚಿದ್ದರು. ಕೆಮಿಸ್ಟ್ರಿ ಪಾಠ ಮಾಡುವ ಗಂಗಾಶ್ರೀಯೂ ಒಂದು ತಿಂದಿದ್ದಳು. ಶುಲ್ಕ ಏರಬಾರದೆಂದು ಅವರು ಧರಣಿ ಕೂತಾಗ ಟೀ ತರಿಸಿಕೊಟ್ಟವಳೂ ಅವಳೇ. ಕೂತ ಕೊಂಬೆಯನ್ನೇ ಕಡಿಯುವುದೆಂದರೆ ಇದೇ ಇರಬೇಕು! ಸರ್ಕಾರ ಕೆಮಿಸ್ಟ್ರಿ ಹುದ್ದೆಗೆ ಯಾರನ್ನೂ ಕಳಿಸಿರಲಿಲ್ಲ; ಕಾಲೇಜು ಶುಲ್ಕದ ಹಣದಲ್ಲೇ ಅವಳಿಗೆ ಸಂಬಳ ಕೊಡುತ್ತಿತ್ತು. ಆಸಿಡ್ಡು, ಗ್ಯಾಸು, ಕರೆಂಟು ಎಲ್ಲದರ ದರ ಏರಿ ಶುಲ್ಕ ಮಾತ್ರ ಇದ್ದಲ್ಲೇ ಕೂತಾಗ ಮೊದಲು ನಿಂತದ್ದು ಅವಳ ಸಂಬಳ.

"ಬರೋದು ಬಿಡೋದು ನಿಮಗೆ ಬಿಟ್ಟಿದ್ದು" ಎಂದು ಪ್ರಿನ್ಸಿಪಾಲರು ತಲೆ ತಗ್ಗಿಸಿದ್ದರು. ಪಾಪ, ಅವರಾದರೂ ಏನು ಮಾಡಿಯಾರು? ಫೈನಲ್ ಇಯರ್ ಮಕ್ಕಳನ್ನು ನಡುನೀರಿನಲ್ಲಿ ಕೈಬಿಡಲು ಮನಸ್ಸು ಬಾರದೆ ಗಂಗಾಶ್ರೀ ಹೋಗುತ್ತಲೇ ಇದ್ದಳು.

ಶಿಕಾರಿಪುರದ ಅವಳ ಗಂಡನ ಮನೆಯಲ್ಲಿ ಇದು ನಡೆಯುವ ಮಾತೇ? ಮೆಕ್ಕೆಜೋಳದ ವ್ಯಾಪಾರದ ಮನೆ ಅದು. ಪುಕ್ಕಟೆ ದುಡಿಮೆ ಎಂದರೆ ಅತ್ತೆ ವೀರಮ್ಮನವರಿಗೆ ಮೈಯೆಲ್ಲ ಉರಿ.

"ಬಿಟ್ಟಿ ಚಾಕರಿಗೆ ಎಮ್ಮೆಸ್ಸಿ ಯಾಕ್ ಬೇಕಿತ್ತವ್ವಾ? ನಾಳೆಯಿಂದ ಕಾಲೇಜು ಬ್ಯಾಡ. ಕೊಟ್ರೇಶನ ಜತಿಗೆ ಅಂಗಡ್ಯಾಗೆ ಕೂತ್ಕೋ" ಎಂದು ಭಾನುವಾರ ಬೆಳಿಗ್ಗೆ ತೀರ್ಮಾನ ಹೇಳಿಯೇಬಿಟ್ಟರು. ಗಂಡ ಕೊಟ್ರೇಶ್ ಪೇಪರಿನಿಂದ ತಲೆ ಎತ್ತಲಿಲ್ಲ. ಗಂಗಾಶ್ರೀಗೆ ಅಳು ಒತ್ತರಿಸಿ ಬಂತು.

ಅಷ್ಟರಲ್ಲಿ ಬಾಗಿಲಿಗೆ ಬೈಕೊಂದು ಬಂದು ನಿಂತಿತು. ಬಂದವರು ಸೊರಬ ಸೀಮೆಯ ರೈತ ಕೆಂಪಪ್ಪ, ಅವಳ ವಿದ್ಯಾರ್ಥಿನಿ ಸ್ಪಂದನಳ ಅಪ್ಪ. ಹಿಂದಿನ ಸೀಟಿಗೆ ಒಂದು ಚೀಲ ಭತ್ತ ಬಿಗಿದಿದ್ದರು.

"ಒಕ್ಕಲಾಟ ಮುಗೀತು ಮೇಡಂ. ನಿಮ್ಮ ಆಯ ತಂದೀನಿ. ಉಳಿದ ಮಕ್ಕಳ ಮನೆಯೋರೂ ತರ್ತಾರೆ."

ಆಯ ಎಂದರೆ ಬಡಿಗ, ಕಮ್ಮಾರರಿಗೆ ವರ್ಷದ ದುಡಿಮೆಗೆಂದು ಊರು ಸುಗ್ಗಿಯಲ್ಲಿ ಅಳೆದು ಕೊಡುತ್ತಿದ್ದ ಕಾಳು. ಗಂಗಾಶ್ರೀಯ ಮುಖ ಕೆಂಪೇರಿತು. ಓದಿದವರಿಗೂ ಇಂಥದೊಂದು ಜಂಬ ಇದ್ದೇ ಇರುತ್ತದೆ.

"ನಾನೇನು ನಿಮ್ಮೂರ ಚಾಕರಿಯೋಳಾ? ವಾಪಸ್ ತಗೊಂಡು ಹೋಗ್ರಿ."

ಕೆಂಪಪ್ಪ ತಬ್ಬಿಬ್ಬಾದರು. "ತಪ್ಪು ತಿಳ್ಕಬ್ಯಾಡಿ. ಕಮ್ಮಾರ ನೇಗಿಲಿನ ಕುಳ ತಟ್ಟಿ ಕೊಡದಿದ್ರೆ ಊರೇ ಬಿತ್ತೋ ಹಂಗಿರ್ಲಿಲ್ಲ. ಅಂಥೋರಿಗೆ ಕೊಡೋದು ಮೇಡಂ, ಆಯ. ಫೀಸು ಏರಿದ್ರೆ ನಾನು ಮಗಳನ್ನ ಕಾಲೇಜು ಬಿಡಿಸ್ತಿದ್ದೆ, ಅದ್ಕೇ ಏರಿಸಬ್ಯಾಡಿ ಅಂದ್ವಿ. ನಿಮ್ಮ ಹೊಟ್ಟೆ ಮೇಲೆ ಹೊಡೆದಂಗಾತು ಅಂತ ಮಗಳು ಹೇಳೋ ತನಕ ಗೊತ್ತಾಗ್ಲಿಲ್ಲ."

ಚೀಲ ಇಳಿಸಲು ಸಡಿಲಿಸಿದ್ದ ಹಗ್ಗವನ್ನು ಅವರು ಮತ್ತೆ ಬಿಗಿಯತೊಡಗಿದರು.

"ನಿಲ್ರೀ!" ವೀರಮ್ಮ ಹೊಸ್ತಿಲು ದಾಟಿ ಬಂದರು. ವ್ಯಾಪಾರದ ಮನೆಗೆ ಬಂದು ಎಷ್ಟು ಕಾಲವಾದರೇನು, ಅವರು ಹುಟ್ಟಿದ್ದು ಈಸೂರಿನ ಒಕ್ಕಲು ಮನೆಯಲ್ಲಿ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಭತ್ತ ತೆಗೆದು ಕಣ್ಣಿಗೊತ್ತಿಕೊಂಡರು. "ಕೊಟ್ರೇಶಾ, ಚೀಲ ದೇವರ ಮನೆ ಮುಂದೆ ಇಡು. ಕೆಂಪಪ್ಪಾರೆ, ಇವಳಿಗೆ ಸಂಬಳ ಕೊಡ್ರಿ ಅಂತ ಸರ್ಕಾರಾನ ಕೇಳೋದು ಮಾತ್ರ ನೀವು ಬಿಡಬ್ಯಾಡ್ರಿ."

"ಅತ್ತೆ, ಬ್ಯಾಡ ಅಂದೆ ನಾನು" ಎಂದಳು ಗಂಗಾಶ್ರೀ.

"ಬಾಗ್ಲಿಗೆ ಬಂದ ಆಯ ತಿರುಗಿಸಬಾರದವ್ವಾ. ಒಳಗೆ ತಗೊಂಡ್ ಮ್ಯಾಲೆ ಆ ಊರಿನ ಕೆಲಸ ತಪ್ಪಿಸಂಗಿಲ್ಲ. ನಾಳೆ ನೀನು ಕಾಲೇಜಿಗೆ ಹೋಗ್ಲಿಲ್ಲ ಅಂದ್ರೆ, ಈ ಅನ್ನ ನನ್ನ ಗಂಟಲಾಗೆ ಹೆಂಗ್ ಇಳಿಬೇಕು?"