ಒಂದು ಹೆಬ್ಬೆರಳಿನ ಆಟ

ಅಕ್ಕ ಮೊಬೈಲ್ ರಿಪೇರಿ ಅಂಗಡಿಯವಳು. ತಮ್ಮನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಮೊಂಡ ಎಂದು. ಸ್ನಾಯು ಸವೆಯುವ ರೋಗ ಅವನ ಕಾಲು ತಿಂದು, ತೋಳು ತಿಂದು, ಬಲಗೈ ಹೆಬ್ಬೆರಳೊಂದನ್ನು ಬಿಟ್ಟಿತ್ತು. ಮೊಂಡುತನವನ್ನು ಮಾತ್ರ ಅದಕ್ಕೂ ಮುಟ್ಟಲಾಗಿರಲಿಲ್ಲ.

ಚಿಕ್ಕಂದಿನಲ್ಲಿ ಇಬ್ಬರೂ ಕಿತ್ತಾಡಿಕೊಂಡು ಆಡಿದ ಕೋಟೆಯ ವಿಡಿಯೋ ಗೇಮ್ ಒಂದಿತ್ತು. ಕೊನೆಯ ಬಾಗಿಲಿನ ರಾಕ್ಷಸನನ್ನು ಒಮ್ಮೆಯೂ ಕೆಡವಿರಲಿಲ್ಲ. ಅವನನ್ನು ಕೆಡವದೆ ಸಾಯಲ್ಲ ಎಂದು ಮೊಂಡ ಹಟ ಹಿಡಿದ. ಆ ಆಟಕ್ಕೋ ಎರಡು ಕೈ, ಹತ್ತಾರು ಗುಂಡಿ ಬೇಕು. ಅಕ್ಕ ಹಳೆಯ ಆಟದ ಹೊಟ್ಟೆ ಬಗೆದು ಎಲ್ಲವನ್ನೂ ಒಂದೇ ಗುಂಡಿಗೆ ತರಲು ಕೂತಳು. ಒತ್ತಿದರೆ ಜಿಗಿತ, ಒತ್ತಿ ಹಿಡಿದರೆ ಕತ್ತಿ.

"ಸುಲಭ ಗಿಲಭ ಮಾಡಿದ್ರೆ ನೋಡು, ಮುಟ್ಟೋದೇ ಇಲ್ಲ," ಎಂದಿದ್ದ ಅವನು. "ಎಲ್ಲರೂ ನನ್ನ ಹತ್ರ ಸುಳ್ಳು ಹೇಳ್ತಾರೆ. ಆಟನಾದ್ರೂ ಹೇಳದೆ ಇರಲಿ."

ಇಂಥ ಕೆಲಸ ಮಾಡುವವರೆಲ್ಲ ಒಂದು ಉಪಾಯ ಇಟ್ಟುಕೊಂಡಿರುತ್ತಾರೆ. ಪರೀಕ್ಷೆ ಮಾಡುವಾಗ ಪದೇಪದೇ ಸತ್ತು ಮೊದಲಿಂದ ಶುರುಮಾಡುವ ಗೋಳು ಬೇಡವೆಂದು, ಎಷ್ಟು ಪೆಟ್ಟು ಬಿದ್ದರೂ ಆಡುವವನ ಸೈನಿಕ ಸಾಯದಂತೆ ಆಟದ ಕೋಡ್‌ಗೆ ಒಂದು ಸಾಲು ಸೇರಿಸುತ್ತಾರೆ. ಕೊಡುವ ಮುಂಚೆ ತೆಗೆಯುತ್ತಾರೆ. ಹೆಬ್ಬೆರಳೂ ಸೋಲುವುದರೊಳಗೆ ಕೊಡಬೇಕೆಂಬ ಗಡಿಬಿಡಿಯಲ್ಲಿ ಅಕ್ಕ ತಾನು ಸೇರಿಸಿದ್ದ ಸಾಲನ್ನು ತೆಗೆಯಲು ಮರೆತಳು. ಎಷ್ಟು ಪ್ರಾಣ ಉಳಿದಿದೆಯೆಂದು ಆ ಹಳೆಯ ಆಟ ತೋರಿಸುತ್ತಲೂ ಇರಲಿಲ್ಲ.

ರಾಕ್ಷಸ ಬಿದ್ದ ದಿನ ಮೊಂಡ ನಕ್ಕ ನಗೆಗೆ ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ವರ್ಷಗಟ್ಟಲೆ ಆ ಮನೆ ಅಂಥ ನಗು ಕೇಳಿರಲಿಲ್ಲ. ಸಂಜೆ, ಆಟವನ್ನು ಗೆಳತಿಯರಿಗೂ ಕಳಿಸೋಣವೆಂದು ತೆರೆದಾಗ ಅಕ್ಕನ ಕಣ್ಣಿಗೆ ಆ ಸಾಲು ಬಿತ್ತು. ಮೊಂಡ ಗೆದ್ದದ್ದು ಸಾಯಲಾರದ ಸೈನಿಕನಿಂದ.

ಹೇಳಿಬಿಡಬೇಕಿತ್ತು. ಹೇಳಲಿಲ್ಲ, ಪುಣ್ಯಾತ್ಗಿತ್ತಿ. ಗುಟ್ಟಾಗಿ ಸಾಲು ತೆಗೆದಳು. ಇನ್ನೊಮ್ಮೆ ನಿಜವಾಗಿ ಗೆದ್ದುಬಿಟ್ಟರೆ ಮೊದಲಿನದೂ ನಿಜವಾದಂತೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನ ಮೊಂಡ ಮೊದಲ ಬಾಗಿಲಲ್ಲೇ ಸತ್ತ. ಮತ್ತೆ ಸತ್ತ. ಊಟದ ಹೊತ್ತಿನವರೆಗೂ ಸಾಯುತ್ತಲೇ ಇದ್ದ.

"ಅಕ್ಕ, ನಿಜ ಹೇಳು. ಆಟ ಬದಲಾಯಿಸಿದ್ಯಾ, ಇಲ್ಲ ನನ್ನ ಬೆರಳು ಹೋಯ್ತಾ?"

ಅವನ ಗೆಲುವನ್ನು ಕಿತ್ತುಕೊಳ್ಳಬೇಕು, ಇಲ್ಲವೇ ಬೆರಳನ್ನು. ನಿನ್ನೆಯ ನಗು ಅವಳ ಕಿವಿಯಲ್ಲಿನ್ನೂ ಇತ್ತು.

"ಆಟ ಅದೇ ಕಣೋ," ಎಂದಳು. "ಬೆರಳೇ ಸೋತಿರಬೇಕು."

"ಹೋಗ್ಲಿ ಬಿಡು, ಗೆದ್ದಾಯ್ತಲ್ಲ. ಗುಂಡಿ ತೆಗೆದಿಡು."

ಆಮೇಲೆ ಅವಳು ಎಷ್ಟು ಗೋಗರೆದರೂ ಅವನು ಬೆರಳೆತ್ತಲಿಲ್ಲ. ಹಾಸಿಗೆ ಪಕ್ಕದ ಕರೆಗಂಟೆ ಒತ್ತುವುದನ್ನೂ ಬಿಟ್ಟ. ಬಾಯಾರಿದರೆ ಯಾರಾದರೂ ಬರುವವರೆಗೆ ಸುಮ್ಮನೆ ಕಾಯುತ್ತಿದ್ದ. ಅಕ್ಕ ಆಗಲೂ ನಿಜ ಹೇಳಲಿಲ್ಲ.

ಕೆಲವು ತಿಂಗಳ ನಂತರ ತಪಾಸಣೆಗೆ ಬಂದ ಡಾಕ್ಟರು ಹೆಬ್ಬೆರಳನ್ನು ಮಡಿಸಿ ಬಿಟ್ಟರು. ಅದು ಮರಳಿ ಏಳಲಿಲ್ಲ.

"ಹೋದ ಸಲ ಬಂದಾಗ ಗಟ್ಟಿಯಾಗಿತ್ತಲ್ಲಮ್ಮ," ಎಂದರು ಅಕ್ಕನಿಗೆ. "ಇನ್ನೂ ಒಂದು ವರ್ಷ ಬರ್ತಿತ್ತು. ಅದಕ್ಕೆ ಕೆಲಸ ಕೊಡೋದನ್ನ ಯಾಕೆ ನಿಲ್ಲಿಸಿದ್ರಿ?"

ಮೊಂಡ ಅಕ್ಕನ ಕಡೆ ಕಣ್ಣು ತಿರುಗಿಸಿದ.

"ಬೆರಳು ಆಗ ಚೆನ್ನಾಗೇ ಇತ್ತು, ಬದಲಾಗಿದ್ದು ಆಟ. ಹಾಗಾದ್ರೆ ರಾಕ್ಷಸ ಬಿದ್ದೇ ಇರಲಿಲ್ಲ," ಎಂದ. "ಅಲ್ವಾ ಅಕ್ಕ?"