ಎಣ್ಣೆಯೊಳಗಿನ ನೀರು

ಕಾರಿನ ಆಯಿಲ್ ಫಿಲ್ಟರಿನ ಮುಚ್ಚಳ ಸಡಿಲವಾಗುತ್ತಿದ್ದಂತೆ ಮೊದಲು ಬಂದದ್ದು ವಾಸನೆ. ಸುಟ್ಟ ಎಣ್ಣೆಯ ವಾಸನೆಯಾಗಿದ್ದರೆ ಪುಟ್ಟಿ ಮೂಗು ಮುರಿಯುತ್ತಿರಲಿಲ್ಲ. ಇದು ಸಿಹಿಯಾಗಿತ್ತು, ಕೊಳೆತ ಹಣ್ಣಿನ ರಸಕ್ಕೆ ಯಾರೋ ಸೀಮೆಎಣ್ಣೆ ಸುರಿದ ಹಾಗೆ. ಅವಳು ಉಸಿರು ಬಿಗಿಹಿಡಿದು ಮುಚ್ಚಳವನ್ನು ಮೇಲಕ್ಕೆತ್ತಿದಳು. ಅದರ ತುದಿಗೆ ಅಂಟಿಕೊಂಡು ಕಾಗದದ ಫಿಲ್ಟರು ಮೇಲೆದ್ದು ಬಂತು. ಕಪ್ಪಾಗಿರಬೇಕಾದದ್ದು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಮಡಿಕೆ ಮಡಿಕೆಯಲ್ಲೂ ಕೆನೆಯಂಥ ಲೋಳೆ ತುಂಬಿತ್ತು. ಅದರ ಒಂದು ಮುದ್ದೆ ಜಾರಿ ಮುಂಗೈ ಮೇಲೆ ಬಿದ್ದು, ಬೆಚ್ಚಗೆ, ಮೊಣಕೈ ಕಡೆಗೆ ಇಳಿಯತೊಡಗಿತು.

"ಏನಾಯ್ತು ಪುಟ್ಟಿ?" ಅಂದ ಭಾವ. ಅಕ್ಕನ ಗಂಡ. ಅಂಗಳದ ಗೋಡೆಗೊರಗಿ ಬಾಳೆಹಣ್ಣು ತಿನ್ನುತ್ತಿದ್ದ.

ನಲವತ್ತು ದಾಟಿ, ಕಿವಿಯ ಹಿಂದೆ ಕೂದಲು ಬೆಳ್ಳಗಾದರೂ ಅವಳು ಎಲ್ಲರಿಗೂ ಪುಟ್ಟಿಯೇ. ಬೀದಿಯ ಕೊನೆಯಲ್ಲಿ ಅವಳದೊಂದು ಹೊಲಿಗೆ ಯಂತ್ರ ರಿಪೇರಿ ಅಂಗಡಿ. ಯಂತ್ರಗಳನ್ನು ಸಾಗಿಸಲು ಇಟ್ಟುಕೊಂಡಿದ್ದ ಹಳೆಯ ವ್ಯಾನಿನ ಆಯಿಲನ್ನು ಅವಳೇ ಬದಲಿಸುತ್ತಿದ್ದಳು, ಎರಡು ಸಲ ಕೈ ಸುಟ್ಟುಕೊಂಡು ಕಲಿತ ವಿದ್ಯೆ. ಅದಕ್ಕೇ ಭಾವ ಭಾನುವಾರ ಬೆಳಿಗ್ಗೆ ತನ್ನ ಪುಟ್ಟ ಕಾರನ್ನು ತಂದು ಅವಳ ಅಂಗಳದಲ್ಲಿ ನಿಲ್ಲಿಸಿದಾಗ ಅವಳಿಗೆ ಆಶ್ಚರ್ಯವಾಗಿರಲಿಲ್ಲ. ಕಾರು ಮಾರುತ್ತಿದ್ದೇನೆ, ಆಯಿಲು ಫಿಲ್ಟರು ಹೊಸದು ಹಾಕಿಕೊಟ್ಟರೆ ಕೊಳ್ಳುವವನಿಗೂ ಒಳ್ಳೆಯದು ಎಂದಿದ್ದ. ಸಾಮಾನೆಲ್ಲ ಅವನೇ ತಂದಿದ್ದ. ಭಾವನಿಗೂ ಬುದ್ಧಿ ಬಂತಲ್ಲ ಎಂದು ಅವಳು ಒಳಗೊಳಗೇ ನಕ್ಕಿದ್ದಳು.

ಈಗ ನಗು ಬರಲಿಲ್ಲ. ರೇಡಿಯೇಟರಿನ ನೀರು ಆಗಾಗ ಕಡಿಮೆಯಾಗುತ್ತಿತ್ತೇ ಎಂದು ಕೇಳಿದಳು. ಆಗುತ್ತಿತ್ತು, ತುಂಬಿಸುತ್ತಿದ್ದೆ, ಅದೇನು ಮಹಾ ಎಂದ. ಯಾರಿಗಾದರೂ ತೋರಿಸಿದಿರೇ ಎಂದಳು. ಅವನು ಬೆರಳಿಗಂಟಿದ ಹಣ್ಣನ್ನು ನೆಕ್ಕಿಕೊಂಡು, ಸಿಪ್ಪೆಯನ್ನು ಅವಳ ಪಾನಾ-ಸ್ಪ್ಯಾನರುಗಳ ತಟ್ಟೆಯಲ್ಲಿಟ್ಟ.

"ತೋರಿಸದೆ ಇರ್ತೀನಾ? ನೀರು ಆಯಿಲಿಗೆ ಇಳೀತಾ ಇದೆ, ಇಂಜಿನ್ನೇ ಬಿಚ್ಚಬೇಕು ಅಂದ ಮೆಕ್ಯಾನಿಕ್. ಗಾಡಿಗಿಂತ ಅದರ ಖರ್ಚೇ ಜಾಸ್ತಿ. ಅದಕ್ಕೇ ಮಾರ್ತಾ ಇರೋದು."

"ಕೊಳ್ಳೋರಿಗೆ ಗೊತ್ತಾ?"

"ಗೊತ್ತಾದ್ರೆ ಯಾರು ಕೊಳ್ತಾರೆ? ಹೊಸ ಆಯಿಲ್ ಹಾಕಿದ್ರೆ ಒಂದು ತಿಂಗಳು ಬಂಗಾರದ ಹಾಗೆ ಕಾಣುತ್ತೆ. ಆಮೇಲೆ ಅವನ ಹಣೆಬರಹ." ಅವನು ದನಿ ತಗ್ಗಿಸಲೂ ಇಲ್ಲ.

ಕೊಳ್ಳುವವನು ಯಾರೆಂದು ಕೇಳಿದಳು. ಅವಳ ಅಂಗಡಿಯ ಪಕ್ಕದ ಹಿಟ್ಟಿನ ಗಿರಣಿಯವನು. ಬೆಳಗಾದರೆ ಗಿರಣಿಯ ಕಸವನ್ನು ಅವಳ ಬಾಗಿಲಿಗೆ ಗುಡಿಸಿ ತಳ್ಳುವವನು. ಗಂಟಲು ಕೆರೆದು ಕ್ಯಾಕರಿಸಿ ಮೆಟ್ಟಿಲ ಬುಡಕ್ಕೇ ಉಗುಳುವವನು. ಹೆಂಗಸು ಯಂತ್ರ ಬಿಚ್ಚಿದರೆ ಯಂತ್ರವೂ ಮುಟ್ಟಾಗಿ ಕೂರುತ್ತೆ ಎಂದು ಗಿರಾಕಿಗಳ ಮುಂದೆ ಹಲ್ಲು ಕಿರಿಯುವವನು. ಅವನ ನೆನಪಿಗೇ ಅವಳಿಗೆ ಮೈಮೇಲೆ ಹುಳ ಹರಿದಂತಾಗುತ್ತಿತ್ತು. ಅವನಿಗೆ ಮೋಸವಾದರೆ ತನಗೇನು ಎಂದುಕೊಂಡಳು. ಹಾಗೆಂದುಕೊಂಡದ್ದು ಹಿತವಾಗಿಯೂ ಇತ್ತು. ಮರುಕ್ಷಣವೇ ಆ ಹಿತ ನಾಲಿಗೆಯ ಮೇಲೆ ಹಳಸಿತು.

ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುವ ನೆಪದಲ್ಲಿ ಒಳಗೆ ಹೋದಳು. ಅಡುಗೆಮನೆಯಲ್ಲಿ, ಗಂಡನ ಜೊತೆ ಬಂದಿದ್ದ ಅಕ್ಕ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅಮ್ಮ ತೀರಿಕೊಂಡಾಗ ಪುಟ್ಟಿಗೆ ಎಂಟು ವರ್ಷ. ತಲೆ ಬಾಚಿದವಳು, ಉಗುರು ಕತ್ತರಿಸಿದವಳು, ಹೇನು ಹೆಕ್ಕಿದವಳು ಈ ಅಕ್ಕ. ಬೇರೆಯವರ ಮನೆಯ ನೀರನ್ನೂ ಬೆಳಕಿಗೆ ಹಿಡಿದು ನೋಡಿ ಕುಡಿಯುವವಳು. ಇವಳಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಾದರೆ ಗಂಡನನ್ನು ನಿಂತಲ್ಲೇ ಉಗಿದು ಉಪ್ಪು ಹಾಕುತ್ತಾಳೆ ಎಂಬ ಭರವಸೆಯಿಂದ ಪುಟ್ಟಿ ಎಲ್ಲವನ್ನೂ ಹೇಳಿದಳು.

ಅಕ್ಕ ಲೋಟವನ್ನು ಬೋರಲು ಹಾಕಿದಳು. "ಗೊತ್ತು ಕಣೆ. ಆ ಗಿರಣಿಯವನು ಬೇರೆ ಯಾರ ಮಾತೂ ನಂಬಲ್ಲ. ಪುಟ್ಟಿ ಕೈಯಾಡಿಸಿದ ಗಾಡಿ ಅಂದ್ರೆ ಕಣ್ಣು ಮುಚ್ಕೊಂಡು ತಗೋತೀನಿ ಅಂದಿದಾನೆ. ನೀನು ಸುಳ್ಳು ಹೇಳೋದು ಬೇಡ. ಸುಮ್ನೆ ಇದ್ರೆ ಸಾಕು."

ಪುಟ್ಟಿ ಅವಳ ಕೈಗಳನ್ನೇ ನೋಡಿದಳು. ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು, ಒಂದು ಉಗುರಿನಲ್ಲೂ ಕೊಳೆಯಿಲ್ಲ. ಅಂಗಳದಲ್ಲಿ ಕೈಮೇಲೆ ಹರಿದ ಲೋಳೆಗಿಂತ ಆ ಕೈಗಳನ್ನು ನೋಡಿದಾಗಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅವಳು ಹೊರಗೆ ಬಂದು ಕೆಲಸ ಮುಂದುವರಿಸಿದಳು. ಅರ್ಧ ಬಿಚ್ಚಿದ್ದನ್ನು ಹಾಗೇ ಬಿಟ್ಟು ಅವಳಿಗೆ ಗೊತ್ತೇ ಇರಲಿಲ್ಲ. ಜಾಕಿ ಕೊಟ್ಟು, ಕಾರಿನ ಕೆಳಗೆ ದಿಮ್ಮಿ ಇಟ್ಟು, ತಳದ ಬೋಲ್ಟು ಬಿಚ್ಚಿದಳು. ಎಣ್ಣೆ ಧಾರೆಯಾಗಿ ಬೀಳಲಿಲ್ಲ. ಶೀತದ ಸಿಂಬಳದ ಹಾಗೆ ಎಳೆ ಎಳೆಯಾಗಿ ಜೋತು ಬೇಸಿನ್ನಿಗೆ ಇಳಿಯಿತು. ಮಧ್ಯೆ ಮಧ್ಯೆ ರೇಡಿಯೇಟರಿನ ಹಸಿರು ನೀರಿನ ಗುಳ್ಳೆಗಳು. ಅದು ಸೋರಿ ಮುಗಿಯುವವರೆಗೆ ಫಿಲ್ಟರಿನ ಗೂಡಿಗೆ ಬೆರಳು ಹಾಕಿ, ಬಟ್ಟೆಯಲ್ಲಿ ಸುತ್ತಿ ಸುತ್ತಿ ಲೋಳೆ ತೆಗೆದಳು. ಮುಚ್ಚಳದ ಹಳೆಯ ರಬ್ಬರ್ ರಿಂಗನ್ನು ಕಿತ್ತು, ಹೊಸದಕ್ಕೆ ಹೊಸ ಆಯಿಲು ಸವರಿ ಕೂರಿಸಿದಳು. ಹೊಸ ಫಿಲ್ಟರು ಹಳದಿ ಕಾಗದದ್ದು, ಶಾಲೆಯ ಮೊದಲ ದಿನದ ಮಗುವಿನ ಅಂಗಿಯ ಹಾಗೆ ಮಡಿಕೆ ಮಾಸದೆ ಇತ್ತು. ಅದನ್ನು ಆ ಗೂಡಿಗೆ ಇಳಿಸುವಾಗ ಅವಳ ಕೈ ಒಂದು ಗಳಿಗೆ ನಿಂತಿತು. ಇಳಿಸಿದಳು. ಆಯಿಲು ತುಂಬಿ, ಚೆಲ್ಲಿದ್ದನ್ನು ಒರೆಸಿದಳು. ನೋಡಿದವರು ಮೆಚ್ಚಬೇಕು, ಅಷ್ಟು ಅಚ್ಚುಕಟ್ಟಾಯಿತು. ಭಾವ ಅದನ್ನು ಮೆಚ್ಚಿ ಬೆನ್ನು ತಟ್ಟಿದ. ಹಣ್ಣು ನೆಕ್ಕಿದ ಅದೇ ಬೆರಳುಗಳಿಂದ.

ಅಷ್ಟರಲ್ಲಿ ಗಿರಣಿಯವನು ಬಂದ. ಹುಬ್ಬಿನ ಮೇಲೆಲ್ಲ ಹಿಟ್ಟು, ಬಾಯಿಯ ಮೂಲೆಯಲ್ಲಿ ಒಣಗಿದ ಎಂಜಲು. ಬಾನೆಟ್ಟಿನ ಕೆಳಗೆ ಇಣುಕಿ, ಆಯಿಲಿನ ಮುಚ್ಚಳ ತೆಗೆದು ಮೂಸಿ, ಏನೋ ತಿಳಿದವನ ಹಾಗೆ ತಲೆಯಾಡಿಸಿದ. ಭಾವ ಕಾರಿನ ಗುಣಗಾನ ಶುರುಮಾಡುತ್ತಿದ್ದಂತೆ ಕೈಯೆತ್ತಿ ತಡೆದ. ಮಾರುವವನ ಮಾತು ತನಗೆ ಬೇಡ ಎಂದು ಪುಟ್ಟಿಯ ಕಡೆ ತಿರುಗಿದ.

"ನೋಡಮ್ಮ, ನಿನಗೂ ನನಗೂ ಆಗಿಬರಲ್ಲ. ಆದ್ರೆ ನಿನ್ ಕೈಯಿಂದ ಹೋದ ಮಿಶಿನ್ ವಾಪಸ್ ಬಂದಿದ್ದು ನಾನು ನೋಡಿಲ್ಲ. ಗಾಡಿ ಹೇಗಿದೆ?"

ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು. ಒರೆಸುವ ಬಟ್ಟೆಯನ್ನು ಪುಟ್ಟಿ ಮಡಿಸಿದಳು, ಮತ್ತೆ ಬಿಚ್ಚಿದಳು. ಭಾವನ ಮುಖದಲ್ಲಿ ನಗು ಹಾಗೇ ಇತ್ತು, ಯಾರೋ ಗೋಡೆಗೆ ಅಂಟಿಸಿ ಹೋದ ಹಾಗೆ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲು ಬಾಯಿ ಮುಚ್ಚಿದಾಗಲೇ ಗಂಟಲಲ್ಲಿ ಆ ಸಿಹಿ ವಾಸನೆ ಮೇಲೆದ್ದು ಬಂತು.

"ತಗೋಬೇಡಿ," ಅಂದಳು. "ಇಂಜಿನ್ ಹೋಗಿದೆ. ಒಳಗೆ ನೀರು ಇಳೀತಿದೆ." ಕಾರಿನ ಕೆಳಗಿನಿಂದ ಬೇಸಿನ್ನನ್ನು ಕಾಲಲ್ಲಿ ಎಳೆದು ಅವನ ಮುಂದೆ ತಳ್ಳಿದಳು.

ಗಿರಣಿಯವನು ಬಗ್ಗಿ ನೋಡಿ, ಮುಖ ಕಿವುಚಿಕೊಂಡ. ಉಪಕಾರವಾಯಿತು ಎನ್ನಲಿಲ್ಲ. ನಿಮ್ಮ ಮನೆಯವರೆಲ್ಲ ಸೇರಿ ನನ್ನ ಮೂಗಿಗೆ ತುಪ್ಪ ಸವರಲು ಕೂತಿದ್ದಿರಿ, ಪಾಲು ಸರಿಹೋಗಲಿಲ್ಲವೋ ಏನೋ, ಅದಕ್ಕೇ ನೀನು ಬಾಯಿಬಿಟ್ಟೆ ಎಂದ. ಎಂದವನು ಗಂಟಲು ಕೆರೆದು, ಅಂಗಳದಲ್ಲೇ ಉಗುಳಿ ಹೊರಟುಹೋದ. ಸಂಜೆಯೊಳಗೆ ಬೀದಿಗೆಲ್ಲ ಅದನ್ನೇ ಹೇಳುತ್ತಾನೆಂದು ಪುಟ್ಟಿಗೆ ಗೊತ್ತಿತ್ತು.

ಭಾವ ಬೈಯಲಿಲ್ಲ. ಬಾನೆಟ್ಟನ್ನು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿ ಸ್ಟೀರಿಂಗಿನ ಮುಂದೆ ಕೂತ. ಅಕ್ಕ ಕೈ ಒರೆಸಿಕೊಂಡು, ಬಿಳಿ ಶಾಲು ಹೊದ್ದು ಬಂದಳು. ಪುಟ್ಟಿಯ ಹತ್ತಿರ ನಿಂತಳು, ಆದರೆ ಮುಟ್ಟಿದರೆ ಎಣ್ಣೆ ಹತ್ತುವಷ್ಟು ಹತ್ತಿರವಲ್ಲ.

"ಅವನು ನಿನಗೆ ಯಾರೆ?" ಎಂದು ಮೆಲ್ಲಗೆ ಕೇಳಿದಳು.

ಯಾರೂ ಅಲ್ಲ ಎನ್ನುವುದು ನಿಜವಾಗಿತ್ತು. ಅದನ್ನು ಹೇಳಿದರೆ ಅಕ್ಕನ ಮಾತೇ ಗೆದ್ದಂತಾಗುತ್ತಿತ್ತು.

ಅಕ್ಕ ಕಾರಿಗೆ ಹತ್ತಿ ಬಾಗಿಲೆಳೆದುಕೊಂಡಳು. ಇಂಜಿನ್ನು ಒಂದು ಸಲ ಕೆಮ್ಮಿ ಹತ್ತಿಕೊಂಡಿತು, ಹಿಂದಿನಿಂದ ಬಿಳಿ ಹೊಗೆ ಬಂತು. ಕಾರು ಗೇಟು ದಾಟಿ ಬೀದಿಗಿಳಿದಾಗ ಪುಟ್ಟಿಗೆ ಕಂಡಿತು: ಅಕ್ಕನ ಶಾಲಿನ ತುದಿ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡು ಹೊರಗೆ ಜೋತಾಡುತ್ತಿತ್ತು. ಕೂಗಿ ಹೇಳಲು ಕೈ ಎತ್ತಿದಳು, ಮತ್ತೆ ಇಳಿಸಿದಳು. ಕಾರು ನಿಧಾನವಾಗಿಯೇ ಹೋಗುತ್ತಿತ್ತು. ಬಿಳಿ ಶಾಲು ಬೀದಿಯ ಧೂಳನ್ನು ಗುಡಿಸುತ್ತ, ತಿರುವಿನಲ್ಲಿ ಒಮ್ಮೆ ನೆಲದಿಂದ ಮೇಲೆದ್ದು, ಮತ್ತೆ ಬಿತ್ತು.